ಗುಣವಾಯಿತು ಎಂದರೆ ಎಷ್ಟು ಗುಣ?

ನಮ್ಮ ಶಾಲೆಗೆ ಬರಬೇಕಾದರೆ ಬಸ್ಸಿಳಿದು ಗುಡ್ಡೆ ಹತ್ತಬೇಕು. ಕೆಂಪುಕಲ್ಲಿನ ಮೆಟ್ಟಿಲುಗಳು. ಮಕ್ಕಳು ಓಡಿಕೊಂಡೇ ಹತ್ತುತ್ತಾರೆ. 2021ರ ನವೆಂಬರಿನಲ್ಲಿ ಕೇರಳದ ಶಾಲೆಗಳು ಮತ್ತೆ ತೆರೆದಾಗ ನಮ್ಮ ಗಣಿತದ ಟೀಚರ್ ಆ ಮೆಟ್ಟಿಲುಗಳಲ್ಲಿ ಮೂರು ಕಡೆ ಕುಳಿತು ಬರುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ಕೋವಿಡ್ ಬಂದು 18 ದಿನ ವೆಂಟಿಲೇಟರಿನಲ್ಲಿದ್ದವರು ಅವರು.

ಆಸ್ಪತ್ರೆಯ ಚೀಟಿಯಲ್ಲಿ ಗುಣಮುಖ ಎಂದಿತ್ತು. ಎಕ್ಸ್‌ರೇಯೂ ಚೆನ್ನಾಗಿತ್ತಂತೆ. ಹಾಗಾದರೆ ಇವರಿಗೇನು ಧಾಡಿ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ದಶಕ ಕೂಡಿಸುವ ಸುಲಭದ ಲೆಕ್ಕಕ್ಕೆ ಬೋರ್ಡಿನ ಮುಂದೆ ಅವರು ತಡವರಿಸಿದಾಗ, "ರಜೆ ಅಭ್ಯಾಸವಾಗಿದೆ" ಎಂದವರಲ್ಲಿ ನಾನೂ ಒಬ್ಬ. ಬರೆಯಲು ನಾಚಿಕೆಯಾಗುತ್ತದೆ ಮಿತ್ರರೇ.

ಆಮೇಲೆ ಕುತೂಹಲದಿಂದ ಓದತೊಡಗಿದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ನೀರು ತುಂಬಿ ಉಸಿರು ನಿಲ್ಲುವಂತಾಗುವ ಸ್ಥಿತಿಯನ್ನು ವೈದ್ಯರು ಎ.ಆರ್.ಡಿ.ಎಸ್. ಎನ್ನುತ್ತಾರೆ. ಕೋವಿಡ್ಡಿಗಿಂತ ಬಹಳ ಮೊದಲೇ, 1967ರಲ್ಲಿ, ಇದನ್ನು ಗುರುತಿಸಲಾಗಿತ್ತು. ಇದರಿಂದ ಬದುಕಿ ಬಂದ 109 ಮಂದಿಯನ್ನು ಕೆನಡಾದ ಟೊರೊಂಟೊದ ವೈದ್ಯರು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲಿರಿ ಎಂಬುದು ಅವರ ಒಂದು ಪರೀಕ್ಷೆ. ಮೂರು ತಿಂಗಳಾದಾಗ ಸುಮಾರು 281 ಮೀಟರ್, ವರ್ಷವಾದಾಗ 422 ಮೀಟರ್. ಆ ವಯಸ್ಸಿನವರು ನಡೆಯಬೇಕಾದ ದೂರದ ಮೂರನೇ ಎರಡು ಪಾಲು ಅಷ್ಟೇ. ಆರು ತಿಂಗಳೊಳಗೆ ಶ್ವಾಸಕೋಶ ಹೆಚ್ಚುಕಡಿಮೆ ಸರಿಯಾಗಿತ್ತು, ಸೋತದ್ದು ಸ್ನಾಯು. ವರ್ಷ ಕಳೆದರೂ ಕೆಲಸಕ್ಕೆ ಮರಳಿದವರು ಅರ್ಧದಷ್ಟು. 2011ರಲ್ಲಿ ಅದೇ ಜನರ ಐದು ವರ್ಷದ ಲೆಕ್ಕ ಬಂತು. ನಡಿಗೆ 436 ಮೀಟರಿಗೆ ಬಂದಿತ್ತು, ಪೂರ್ತಿ ಸರಿಯಾಗಿರಲಿಲ್ಲ.

ಎಕ್ಸ್‌ರೇ ನೋಡಿ ಇವರು ಸರಿಯಾಗಿದ್ದಾರೆ ಎಂದ ನಮಗೆ ಇದಕ್ಕಿಂತ ಉತ್ತರ ಬೇಕೇ? ಒಂದೇ ಪರೀಕ್ಷೆಯಿಂದ ಮಗುವನ್ನು ಅಳೆಯಬಾರದೆಂದು ತರಬೇತಿಗಳಲ್ಲಿ ನಮಗೆ ಎಷ್ಟು ಸಲ ಹೇಳಿದ್ದಾರೆ! (ಚಹಾ ಕುಡಿದು ಮರೆತು ಬರುತ್ತೇವೆ, ಅದು ಬೇರೆ ವಿಷಯ.) ಪಾಸಾದ ಹುಡುಗನಿಗೆ ಓದಲು ಬರುತ್ತದೆಯೋ ಎಂದು ನಾವೇ ಕೇಳುತ್ತೇವೆ. ಬದುಕಿ ಬಂದವರು ಬದುಕುತ್ತಿದ್ದಾರೆಯೋ ಎಂದೂ ಯಾರಾದರೂ ಕೇಳಬೇಕಲ್ಲ.

ಅಳೆಯುವುದು ಹೇಗೆ ಎನ್ನುವುದರಲ್ಲಿ ವಿದ್ವಾಂಸರಿಗೂ ಪೂರ್ತಿ ಒಮ್ಮತವಿಲ್ಲ. ಹಲವು ದೇಶದವರು ಸೇರಿ 2017ರಲ್ಲಿ ಒಂದು ಪಟ್ಟಿ ಮಾಡಿದರು. ಬದುಕಿನ ಗುಣಮಟ್ಟ, ಭಯ, ಖಿನ್ನತೆ ಇವುಗಳಿಗೆ ಯಾವ ಪ್ರಶ್ನಾವಳಿ ಎಂದು ತೀರ್ಮಾನವಾಯಿತು. ನಡಿಗೆಗೆ, ನೆನಪಿನ ಶಕ್ತಿಗೆ ಯಾವ ಪರೀಕ್ಷೆ ಎಂಬಲ್ಲಿ ಒಪ್ಪಿಗೆ ಬರಲಿಲ್ಲ. ನಮ್ಮ ಟೀಚರಿಗೆ ಕಷ್ಟವಾದದ್ದು ಸರಿಯಾಗಿ ಆ ಎರಡೇ.

ಗಡಿನಾಡಿನವನಾಗಿ ನನಗೆ ಇನ್ನೊಂದು ಕಾಡುತ್ತದೆ. ಟೀಚರಿಗೆ ಆಸ್ಪತ್ರೆಯಲ್ಲಿ ಒಮ್ಮೆ ಮಲಯಾಳದ ಪ್ರಶ್ನೆಪತ್ರ ಕೊಟ್ಟಿದ್ದರಂತೆ. ಕಾಸರಗೋಡಿನ ನಮ್ಮಂಥವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಬೇಕಾದರೆ ಅಕ್ಷರ ಕೂಡಿಸಬೇಕು. ಕನ್ನಡದಲ್ಲಿ ಮಗ್ಗಿ ಕಲಿತವರಿಗೆ ಬೇರೆ ಭಾಷೆಯಲ್ಲಿ ನೆನಪಿನ ಪರೀಕ್ಷೆ ಕೊಟ್ಟರೆ, ಕಡಿಮೆಯಾದ ಅಂಕ ಕಾಯಿಲೆಯದೋ ಲಿಪಿಯದೋ? ಅವರು ಎಲ್ಲದಕ್ಕೂ "ಇಲ್ಲ" ಎಂದು ಗುರುತು ಹಾಕಿ ಬಂದರಂತೆ. ಆ ಕಾಗದದ ಪ್ರಕಾರ ಅವರಿಗೆ ಯಾವ ತೊಂದರೆಯೂ ಇರಲಿಲ್ಲ!

ನನ್ನ ಅಭಿಪ್ರಾಯ ಇಷ್ಟು. ವೆಂಟಿಲೇಟರಿನಿಂದ ಬಂದವರನ್ನು ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಕರೆದು ನೋಡಬೇಕು. ನಡಿಗೆಯ ಪರೀಕ್ಷೆಗೆ ಬೇಕಾದದ್ದು 30 ಮೀಟರ್ ಸಮತಟ್ಟು ಜಗಲಿ, ಗಡಿಯಾರ, ಕುರ್ಚಿ, ಜತೆಗೆ ತಿಳಿದವರೊಬ್ಬರು. ಪ್ರಶ್ನೆಗಳನ್ನು ಅವರವರ ಭಾಷೆಯಲ್ಲಿ ಬಾಯಿಮಾತಿನಲ್ಲಿ ಕೇಳಬೇಕು. ಕೆಲಸಕ್ಕೆ ಯೋಗ್ಯ ಎಂಬ ಸರ್ಟಿಫಿಕೇಟು ಒಂದೇ ದಿನ ಪೂರ್ತಿ ಭಾರ ಹೊರಿಸುವ ಚೀಟಿಯಾಗಬಾರದು. ಮೊದಲು ಎರಡು ಪೀರಿಯಡ್, ಆಮೇಲೆ ನಾಲ್ಕು, ಹೀಗೆ ಮರಳಲು ದಾರಿ ಬೇಕು.

ನಾವು ತಡವಾಗಿಯಾದರೂ ಟೀಚರ ತರಗತಿಯನ್ನು ಕೆಳಗಿನ ಕಟ್ಟಡಕ್ಕೆ ಬದಲಾಯಿಸಿದೆವು. ಲೆಕ್ಕ ತಪ್ಪಿದರೆ ಮಕ್ಕಳೇ ಮೆಲ್ಲನೆ ಹೇಳುತ್ತಿದ್ದರು. ಈಗ ಮೀಟಿಂಗಿಗೆ ಮೇಲೆ ಬರುವಾಗ ಅವರು ಒಂದೇ ಕಡೆ ಕೂರುತ್ತಾರೆ. ಎಣಿಸಿದವನು ನಾನಲ್ಲ, ನಾಲ್ಕನೆಯ ತರಗತಿಯ ಹುಡುಗರು.