ಡಾಲರ್ ನಾಣ್ಯ ಬಂದಾಕ್ಷಣ ಬಿಟ್‌ಕಾಯಿನ್ ಏರುವುದಿಲ್ಲ

ಒಂದು ಡಾಲರ್ ಬೆಲೆಗೆ ಕಟ್ಟಿದ, ಡಾಲರ್ ಬೆಂಬಲದ ಡಿಜಿಟಲ್ ನಾಣ್ಯ, ಅಂದರೆ ಸ್ಟೇಬಲ್‌ಕಾಯಿನ್ ಹೊಸದಾಗಿ ಬಂದಾಗಲೆಲ್ಲ ‘ಇನ್ನು ಕ್ರಿಪ್ಟೊ ಬೆಲೆ ಏರಿಯೇ ಏರುತ್ತದೆ’ ಎಂದು ಸಾರುವವರಿದ್ದಾರೆ. ಈ ಮಾತು ನಂಬಿ ಉಳಿತಾಯದ ಹಣ ತೊಡಗಿಸುವವರೂ ಇದ್ದಾರೆ. ಆದ್ದರಿಂದ ಅವರ ವಾದಗಳಿಗೆ ಉತ್ತರ ಕೊಡಲೇಬೇಕು.

ಹೊಸ ನಾಣ್ಯವೆಂದರೆ ಮಾರುಕಟ್ಟೆಗೆ ಹೊಸ ಹಣ ಎಂಬುದು ಅವರ ಮೊದಲ ವಾದ. 2018ರ ಸೆಪ್ಟೆಂಬರ್ 10ರಂದು ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವಾ ಇಲಾಖೆಯ ಒಪ್ಪಿಗೆ ಪಡೆದು ಜೆಮಿನಿ ಡಾಲರ್ ಮತ್ತು ಪ್ಯಾಕ್ಸೋಸ್ ಸ್ಟ್ಯಾಂಡರ್ಡ್ ಒಟ್ಟಿಗೇ ಬಂದವು. ಅದೇ ತಿಂಗಳು ಸರ್ಕಲ್ ಕಂಪನಿಯ ಯುಎಸ್‌ಡಿಸಿಯೂ ಬಂತು. ಆಗ 6,300 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ ಡಿಸೆಂಬರ್ ಮಧ್ಯದ ಹೊತ್ತಿಗೆ 3,200ಕ್ಕೆ ಇಳಿದಿತ್ತು. ಈ ನಾಣ್ಯಗಳೇ ಬೆಲೆ ಇಳಿಸಿದವು ಎಂದು ನಾನು ಹೇಳುತ್ತಿಲ್ಲ. ಆದರೆ ಬಿಟ್‌ಕಾಯಿನ್ ಮಾರಿ ಹೊರಬರುವವನಿಗೂ ಸ್ಟೇಬಲ್‌ಕಾಯಿನ್ನೇ ಬೇಕು, ಕೊಳ್ಳಲು ಕಾದಿರುವವನಿಗೂ ಅದೇ ಬೇಕು. ಅದಕ್ಕೆ ಬೇಡಿಕೆ ಹೆಚ್ಚಿತು ಎಂದ ಮಾತ್ರಕ್ಕೆ ಜನ ಒಳಗೆ ಬರುತ್ತಿದ್ದಾರೋ ಹೊರಗೆ ಹೋಗುತ್ತಿದ್ದಾರೋ ಹೇಳಲಾಗದು.

‘ಹಾಗಾದರೆ 2018ರ ಅಕ್ಟೋಬರ್ 15ರಂದು ಬಿಟ್‌ಕಾಯಿನ್ ಏರಿದ್ದು ಹೇಗೆ?’ ಎಂದು ಕೇಳುತ್ತಾರೆ. ಅಂದು ನಡೆದದ್ದೇ ಬೇರೆ. ಟೆದರ್ ಎಂಬ ಸ್ಟೇಬಲ್‌ಕಾಯಿನ್ ಹೊರಡಿಸುವ ಕಂಪನಿಯ ಬಳಿ ನಿಜಕ್ಕೂ ಡಾಲರ್ ಇದೆಯೇ ಎಂಬ ಅನುಮಾನ ಹಬ್ಬಿ, ಒಂದು ಡಾಲರಿಗೆ ನಿಲ್ಲಬೇಕಿದ್ದ ಆ ನಾಣ್ಯದ ಬೆಲೆ ಜಾರಿತು. ಟೆದರ್ ಹಿಡಿದಿದ್ದವರು ಅದನ್ನು ಕೊಟ್ಟು ಬಿಟ್‌ಕಾಯಿನ್ ಕೊಳ್ಳಲು ಮುಗಿಬಿದ್ದರು. ಟೆದರ್‌ನಲ್ಲಿ ವ್ಯಾಪಾರ ನಡೆಯುತ್ತಿದ್ದ ಕಡೆ ಬಿಟ್‌ಕಾಯಿನ್ ದರ, ನಿಜ ಡಾಲರಿನಲ್ಲಿ ವ್ಯಾಪಾರ ನಡೆಯುವ ಕಡೆಗಿಂತ ನೂರಾರು ಡಾಲರ್ ಹೆಚ್ಚಾಗಿ ಕಂಡಿತು. ಅಳೆಯುವ ಕೋಲೇ ಕುಗ್ಗಿದಾಗ ಬಟ್ಟೆ ಉದ್ದವಾಯಿತೆಂದು ಸಂಭ್ರಮಿಸಲಾಗದು. ಏರಿಕೆಯ ಬಹುಪಾಲು ಕೆಲವೇ ಹೊತ್ತಿನಲ್ಲಿ ಕರಗಿತು. ನವೆಂಬರಿನ ಕುಸಿತ ಉಳಿದದ್ದನ್ನೂ ನುಂಗಿತು.

ಮೂರನೆಯ ವಾದಕ್ಕೆ ಸಂಶೋಧನೆಯ ಬಲವಿದೆ. 2017ರ ಬಿಟ್‌ಕಾಯಿನ್ ಏರಿಕೆಯ ಹಿಂದೆ ಟೆದರ್ ಇತ್ತು ಎಂದು ಜಾನ್ ಗ್ರಿಫಿನ್ ಮತ್ತು ಅಮಿನ್ ಶಾಮ್ಸ್ ಬರೆದರು. ಅದು ಗಂಭೀರ ಅಧ್ಯಯನ. ಆದರೆ ಅವರ ಆರೋಪ ಏನು? ಪೂರ್ತಿ ಡಾಲರ್ ಇಲ್ಲದೆಯೇ ನಾಣ್ಯ ಹೊರಡಿಸಿ ಬಿಟ್‌ಕಾಯಿನ್ ಕೊಳ್ಳಲಾಯಿತು ಎಂಬುದು. ಅದು ನಿಜವಾದರೆ, ಪ್ರತಿ ನಾಣ್ಯಕ್ಕೂ ಪೂರ್ತಿ ಡಾಲರ್ ಇಟ್ಟವರು ಅಂಥ ಏರಿಕೆ ತರಲಾರರು. ರಿಚರ್ಡ್ ಲಯನ್ಸ್ ಮತ್ತು ಗಣೇಶ್ ವಿಶ್ವನಾಥ್-ನಟರಾಜ್ ನಡೆಸಿದ ಇನ್ನೊಂದು ಅಧ್ಯಯನಕ್ಕೆ, ನಾಣ್ಯ ಹೊರಡಿಸುವುದರಿಂದ ಬೆಲೆ ಏರುತ್ತದೆ ಎಂಬುದಕ್ಕೆ ವ್ಯವಸ್ಥಿತ ಪುರಾವೆ ಕಾಣಲಿಲ್ಲ. ಎದುರಾಳಿಗಳು ಅದರ ಹೆಸರೆತ್ತುವುದಿಲ್ಲ.

ಡಾಲರ್ ಬ್ಯಾಂಕಿನಲ್ಲಿ ಭದ್ರವಾಗಿದೆ, ಭಯವೇಕೆ ಎನ್ನುವವರು 2023ರ ಮಾರ್ಚನ್ನು ಮರೆತಿದ್ದಾರೆ. ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಸರ್ಕಲ್‌ನ 3.3 ಬಿಲಿಯನ್ ಡಾಲರ್ ಅಲ್ಲಿ ಸಿಕ್ಕಿಕೊಂಡಿತ್ತು, ಯುಎಸ್‌ಡಿಸಿ 88 ಸೆಂಟ್ ಆಸುಪಾಸಿಗೆ ಕುಸಿಯಿತು. ಠೇವಣಿದಾರರ ಹಣ ಪೂರ್ತಿ ಸಿಗುತ್ತದೆಂದು ಅಮೆರಿಕ ಸರ್ಕಾರ ಘೋಷಿಸಿದ ಮೇಲೆ ಅದು ಚೇತರಿಸಿಕೊಂಡಿತು.

ಅವರ ಈಗಿನ ಹೊಸ ಆಸರೆ 2025ರ ಜುಲೈ 18ರಂದು ಸಹಿಯಾದ ಅಮೆರಿಕದ ಜೀನಿಯಸ್ ಕಾಯ್ದೆ. ಮೀಸಲು ಹಣವನ್ನು ನಗದು, ಅಲ್ಪಾವಧಿಯ ಸರ್ಕಾರಿ ಸಾಲಪತ್ರದಂಥ ಸುಭದ್ರ ರೂಪದಲ್ಲೇ ಇಡಬೇಕು, ತಿಂಗಳು ತಿಂಗಳು ವಿವರ ಪ್ರಕಟಿಸಬೇಕು ಎನ್ನುವ ಆ ಕಾಯ್ದೆಯನ್ನು ನಾನೂ ಸ್ವಾಗತಿಸುತ್ತೇನೆ. ಆದರೆ ಆ ಡಾಲರಿನಲ್ಲಿ ದೊಡ್ಡ ಪಾಲು ಹೋಗುವುದು ಅಮೆರಿಕದ ಖಜಾನೆಗೆ, ಬಿಟ್‌ಕಾಯಿನ್‌ಗಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ 1,26,000 ಡಾಲರ್ ಮುಟ್ಟಿದ ಬಿಟ್‌ಕಾಯಿನ್ ನವೆಂಬರಿನಲ್ಲಿ 90,000ಕ್ಕಿಂತ ಕೆಳಗಿಳಿಯಿತು. ಕಾಯ್ದೆ ಆಗಲೂ ಇತ್ತು, ಸ್ಟೇಬಲ್‌ಕಾಯಿನ್‌ಗಳ ಒಟ್ಟು ಮೊತ್ತವೂ ಸುಮಾರು 300 ಬಿಲಿಯನ್ ಡಾಲರಿನಷ್ಟಿತ್ತು.

‘ಬೆಲೆ ಇಳಿದರೆ ಸ್ಟೇಬಲ್‌ಕಾಯಿನ್‌ಗೆ ಬದಲಿಸಿಕೊಂಡು ಸುಮ್ಮನೆ ಕೂತರಾಯಿತು’ ಎಂಬ ಸಲಹೆ ನಮ್ಮಲ್ಲಂತೂ ದುಬಾರಿ. ಭಾರತದ ತೆರಿಗೆ ಕಾನೂನಿನ ಕಣ್ಣಿಗೆ ಸ್ಟೇಬಲ್‌ಕಾಯಿನ್ ಕೂಡ ವರ್ಚುವಲ್ ಡಿಜಿಟಲ್ ಆಸ್ತಿಯೇ. ಬದಲಿಸಿಕೊಂಡದ್ದೂ ಮಾರಾಟದಂತೆಯೇ ಲೆಕ್ಕ: ಲಾಭವಿದ್ದರೆ 30% ತೆರಿಗೆ, ಜೊತೆಗೆ 1% ಟಿಡಿಎಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ.