ಪ್ರತಿವಿಷವಿಲ್ಲದ ವಿಷಕ್ಕೆ ಪರವಾನಗಿ ಏಕೆ?

ಫಾರ್ಮ್‌ ಡಿ ನಾಲ್ಕನೇ ವರ್ಷದವರಿಗೆ ಕ್ಲಿನಿಕಲ್ ಟಾಕ್ಸಿಕಾಲಜಿ ಎಂಬ ವಿಷಯವಿದೆ. ಆರ್ಗನೋಫಾಸ್ಫರಸ್‌ಗೆ ಅಟ್ರೋಪಿನ್, ಮಿತಿಮೀರಿದ ಪ್ಯಾರಸಿಟಮಾಲ್‌ಗೆ ಅಸಿಟೈಲ್‌ಸಿಸ್ಟೀನ್ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಮಾತ್ರ ಪ್ರತಿವಿಷವೇ ಇಲ್ಲ.

ಪಾಠ ಅರ್ಥವಾಗುವುದು, ದುಡುಕಿ ಇದನ್ನು ಕುಡಿದವರು ಬಂದು ಸೇರುವ ವಾರ್ಡಿನಲ್ಲಿ. ಮೂತ್ರಕ್ಕೆ ಡೈಥಯೋನೈಟ್ ಬೆರೆಸಿದಾಗ ಅದು ನೀಲಿಯಾದರೆ ಅನುಮಾನ ಖಚಿತ. ಇದ್ದಿಲ ಪುಡಿ ಕುಡಿಸಿ ಪ್ರಯೋಜನವಾಗುವುದು ಮೊದಲ ಕೆಲವೇ ಗಂಟೆಗಳಲ್ಲಿ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ರೋಗಿಗೆ ಎಚ್ಚರವಿರುತ್ತದೆ, ಮನೆಯವರೊಡನೆ ಮಾತಾಡುತ್ತಿರುತ್ತಾನೆ, ಬದುಕಿಸಿ ಎನ್ನುತ್ತಾನೆ. ಮೂತ್ರಪಿಂಡ, ಆಮೇಲೆ ಶ್ವಾಸಕೋಶ ಕೈಕೊಡುತ್ತವೆ. ಆಕ್ಸಿಜನ್ ಕೊಡಲೂ ವೈದ್ಯರು ಹಿಂದೆಮುಂದೆ ನೋಡಬೇಕು, ಈ ವಿಷದ ಹಾವಳಿಯನ್ನು ಅದೇ ಹೆಚ್ಚಿಸುತ್ತದೆ. ಚಾರ್ಟ್ ಹಿಡಿದು ನಿಂತ ಹುಡುಗಿ ಏನು ಕಲಿಯಬೇಕು?

ರೈತರಿಗೆ ಅರಿವು ಮೂಡಿಸಿ, ಸಿಬ್ಬಂದಿಗೆ ತರಬೇತಿ ಕೊಡಿ ಎನ್ನುವುದು ಮಾರುವವರ ಹಳೇ ರಾಗ. ಹಾಗಾದರೆ ಇದನ್ನು ತಯಾರಿಸುತ್ತ ಬಂದ ಸಿಂಜೆಂಟಾ ಕಂಪನಿಯ ತವರು ಸ್ವಿಟ್ಜರ್ಲೆಂಡ್ 1989ರಲ್ಲೇ ಇದನ್ನು ಬೇಡವೆಂದಿದ್ದೇಕೆ? ಐರೋಪ್ಯ ಒಕ್ಕೂಟದಲ್ಲಿ 2007ರಲ್ಲಿ ನ್ಯಾಯಾಲಯವೇ ಅನುಮತಿ ರದ್ದು ಮಾಡಿತು. ಚೀನಾ, ಥಾಯ್ಲೆಂಡ್, ಬ್ರೆಜಿಲ್ ಕೂಡ ಕೈಬಿಟ್ಟಿವೆ. ನಮ್ಮ ಕೇಂದ್ರ ಸರ್ಕಾರವೋ, ಅಪಾಯಕಾರಿ ರಾಸಾಯನಿಕಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಇದನ್ನು ಸೇರಿಸುವುದಕ್ಕೇ ಅಡ್ಡಗಾಲು ಹಾಕಿತು. 2022ರಲ್ಲಿ ಗ್ಲೈಫೋಸೇಟ್ ಎಂಬ ಇನ್ನೊಂದು ಕಳೆನಾಶಕದ ಮೇಲೆ ನಿರ್ಬಂಧ ಹೇರಿದವರಿಗೆ, ಅದಕ್ಕಿಂತ ಎಷ್ಟೋ ಪಾಲು ಘೋರವಾದ ಇದು ಕಾಣಲಿಲ್ಲವೆಂದರೆ ನಂಬುವುದು ಹೇಗೆ?

ಕಳೆ ಕೀಳಲು ಆಳು ಸಿಗುವುದಿಲ್ಲ, ಕೂಲಿ ಗಿಟ್ಟುವುದಿಲ್ಲ ಎನ್ನುವ ರೈತರ ಅಳಲು ನಿಜ. ಆದರೆ ‘ಸಾಯುವವರು ಇನ್ನೊಂದು ದಾರಿ ಹುಡುಕುತ್ತಾರೆ’ ಎಂಬ ವಾದ ಬರೀ ಉಡಾಫೆ. ಶ್ರೀಲಂಕಾ 2008ರಿಂದ 2011ರ ನಡುವೆ ಪ್ಯಾರಾಕ್ವಾಟನ್ನೂ ಇನ್ನೆರಡು ಕೀಟನಾಶಕಗಳನ್ನೂ ಹಂತಹಂತವಾಗಿ ನಿಲ್ಲಿಸಿತು. ಆತ್ಮಹತ್ಯೆಗಳು ಇಳಿದವು, ಬೆಳೆಯ ಇಳುವರಿ ಇಳಿಯಲಿಲ್ಲ. ದುಡುಕಿದ ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ನಿಷೇಧದ ಅಧಿಕಾರ ಕೇಂದ್ರದ್ದು, ರಾಜ್ಯದ ಕೈ ಕಟ್ಟಿದೆಯೆಂಬ ನೆಪವೂ ಪೂರ್ತಿ ನಿಜವಲ್ಲ. 1968ರ ಕೀಟನಾಶಕ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮಾರಾಟವನ್ನು 60 ದಿನ ತಡೆಯಬಹುದು, ಮತ್ತೆ 30 ದಿನ ವಿಸ್ತರಿಸಬಹುದು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ಕೀಟನಾಶಕವನ್ನು ತಡೆದದ್ದು ಹಾಗೆಯೇ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸಿ ತಡೆಯಿತು. ಕೃಷಿ ಇಲಾಖೆ ಮುಂಗಾರಿಗೆ ಮೊದಲು ಅಂಥದೇ ಆದೇಶ ಹೊರಡಿಸಲಿ. ಗಡುವು ಮುಗಿಯುವುದರೊಳಗೆ ಶಾಶ್ವತ ನಿಷೇಧಕ್ಕಾಗಿ ದೆಹಲಿಯ ಮೇಲೆ ಒತ್ತಡ ಹಾಕಲಿ, ಕಳೆ ತೆಗೆಯುವ ಯಂತ್ರಕ್ಕೆ ಸಣ್ಣ ರೈತರಿಗೆ ಸಹಾಯಧನವನ್ನೂ ಘೋಷಿಸಲಿ.