ಹೆಗಲ ಮೇಲಿನ ತಾರೀಖು
1:35 ಅಳತೆಯ ಗೊಂಬೆ ಕಿಟ್‌ನಲ್ಲಿ ಸೈನಿಕನ ಎತ್ತರ ಹೆಚ್ಚುಕಡಿಮೆ 5 ಸೆಂಟಿಮೀಟರು. ಪೆಟ್ಟಿಗೆಯ ಮೇಲೆ ‘ಸ್ಟಾಲಿನ್‌ಗ್ರಾಡ್, 1942’ ಎಂದಿದ್ದು, ಒಳಗಿನ ಸೋವಿಯತ್ ಸಿಪಾಯಿಗೆ ಭುಜಪಟ್ಟಿ ಇದ್ದರೆ ಅಂಟು ಹಚ್ಚಲು ನನಗೆ ಕೈಯೇ ಬರುವುದಿಲ್ಲ. ಕೆಂಪು ಸೇನೆಗೆ ಭುಜಪಟ್ಟಿ ಬಂದದ್ದು 1943ರ ಜನವರಿಯ ಆದೇಶದಿಂದ. ಅಲ್ಲಿಯವರೆಗೆ ದರ್ಜೆಯ ಗುರುತು ಇರುತ್ತಿದ್ದುದು ಕಾಲರಿನಲ್ಲಿ. 1942ರಲ್ಲೇ ಆ ಊರಿನ ಇಟ್ಟಿಗೆರಾಶಿಗಳ ನಡುವೆ ಸತ್ತವರು ಭುಜಪಟ್ಟಿ ತೊಟ್ಟವರೇ ಅಲ್ಲ, ಅವರ ಹೆಗಲಿಗೆ ಈಗ ನಾವು ಅದನ್ನು ಏರಿಸುವುದು ಅನ್ಯಾಯ. ಜರ್ಮನ್ ಗೊಂಬೆಯ ಕೈಗೆ ಆಮೇಲೆ ಬಂದ ಎಸ್‌ಟಿಜಿ 44 ಬಂದೂಕು ಕೊಟ್ಟಿದ್ದರೆ ಅದೂ ತಪ್ಪೇ, ಆದರೆ ಬಂದೂಕು ಬದಲಿಸುವುದು ಸುಲಭ. ಅಂಗಿ ಹಾಗಲ್ಲ. ಬ್ಲೇಡಿನಿಂದ ಪಟ್ಟಿ ಹೆರೆದರೂ ಕೆಲಸ ಮುಗಿಯದು: 1943ರ ಅಂಗಿಯ ಕಾಲರು ನೆಟ್ಟಗೆ ನಿಲ್ಲುವಂಥದ್ದು, ಹಳೆಯದು ಮಡಿಸಿದ್ದು. ಕತ್ತಿನ ಸುತ್ತ ಪುಟ್ಟಿ ಮೆತ್ತಿ, ಅದು ಒಣಗುವ ಮೊದಲೇ ಸೂಜಿಮೊನೆಯಿಂದ ಆ ಮಡಿಕೆಯನ್ನು ತೀಡಬೇಕು.